ಬಚ್ಚಲು ಒಡೆಸಿದೆ, ಬಾವಿ ಮುಚ್ಚಿತು

ಮಹಡಿಯ ಬಚ್ಚಲಿನ ನೀರು ಅಡುಗೆಮನೆಯ ಸೂರಿನಿಂದ ಇಳಿದು ಕುದಿಯುತ್ತಿದ್ದ ಸಾರಿನ ಪಾತ್ರೆಗೆ ಟಪ್ಪೆಂದು ಬಿದ್ದಾಗ ನಾನು ಅಲ್ಲೇ ಸೌಟು ಹಿಡಿದು ನಿಂತಿದ್ದೆ. ಮೊದಲು ಏನೆಂದೇ ಹೊಳೆಯಲಿಲ್ಲ. ಎರಡನೆಯ ಹನಿ ಮುಂಗೈ ಮೇಲೆ ಬಿತ್ತು. ತಲೆಯೆತ್ತಿ ನೋಡಿದರೆ ಬಣ್ಣ ಉಬ್ಬಿ ಬಾಣಲೆಯಷ್ಟಗಲ ಕಪ್ಪಗಾಗಿದೆ. ಮೇಲೆ ನನ್ನ ಗಂಡ ಏನನ್ನೋ ಗುನುಗಿಕೊಂಡು ಸ್ನಾನ ಮಾಡುತ್ತಿದ್ದಾರೆ. ಅವರು ಮೈಮೇಲೆ ಸುರಿದುಕೊಂಡ ನೀರು ನಮ್ಮ ಸಾರಿಗೆ ಬರುತ್ತಿದೆ! ಎಷ್ಟು ದಿನದಿಂದ ಬರುತ್ತಿತ್ತೋ! ಸಾರನ್ನು ಚೆಲ್ಲಿ, ಯಾಕೆ ಚೆಲ್ಲಿದೆನೆಂದು ಅತ್ತೆಗೆ ಹೇಳದೆ, ಮೊಸರನ್ನದ ಡಬ್ಬಿ ಹಿಡಿದು ಬಸ್ಸು ಹತ್ತಿದೆ.

ನಾನು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಹೇಳುವವಳು. ನನ್ನ ಗಂಡ ಅರಕಲಗೂಡಿನಲ್ಲಿ ಗುಮಾಸ್ತರು. ಮನೆ ಇರುವುದು ಹಾಸನದಲ್ಲಿ. ಬೆಳಿಗ್ಗೆ ನಾನೊಂದು ದಿಕ್ಕಿನ ಬಸ್ಸು, ಅವರೊಂದು ದಿಕ್ಕಿನ ಬಸ್ಸು. ನಡುವೆ ಮನೆಯಲ್ಲಿ ಅತ್ತೆ ಒಬ್ಬರೇ. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿ ಬೆಳೆದವರು, ಮಡಿಯೆಂದರೆ ಮಡಿ. ಈಗ ಮಂಡಿ ಹಿಡಿದುಕೊಂಡು ಹೊಸಿಲು ದಾಟುವುದೇ ಕಷ್ಟ. ಆದರೂ ಅಡುಗೆಮನೆ ಅವರ ರಾಜ್ಯ. ಕುರ್ಚಿ ಹಾಕಿಸಿಕೊಂಡು ಕೂತು ಆಳುತ್ತಾರೆ.

ಆ ಅಡುಗೆಮನೆಯಲ್ಲಿ ಇನ್ನೊಂದು ತಿಂಗಳಿಗೆ ಮಾವನವರ ತಿಥಿ ನಡೆಯಬೇಕಿತ್ತು. ವರ್ಷದ ಉಳಿದ ದಿನಗಳಲ್ಲಿ ಅತ್ತೆ ನಲ್ಲಿ ನೀರಿಗೆ, ಗ್ಯಾಸಿನ ಒಲೆಗೆ, ನನ್ನ ಅವಸರದ ಅಡುಗೆಗೆ ಹೇಗೋ ಹೊಂದಿಕೊಂಡಿದ್ದಾರೆ. ತಿಥಿಯ ದಿನ ಮಾತ್ರ ಒಂದು ಕೂದಲೆಳೆ ಆಚೀಚೆ ಆಗಕೂಡದು. ಮುಖ್ಯವಾಗಿ ನೀರು. ನಲ್ಲಿಯ ನೀರು ಯಾರು ಯಾರೋ ಮುಟ್ಟಿ, ಯಾವ ಯಾವುದೋ ಕೊಳವೆಯಲ್ಲಿ ಹಾದು ಬರುತ್ತದೆ, ಅದು ಪಿತೃಗಳಿಗೆ ಮುಟ್ಟುವುದಿಲ್ಲ ಎಂಬುದು ಅವರ ಮಾತು. ಬಾವಿಯ ನೀರೇ ಆಗಬೇಕು. ಮನೆಯ ಸೊಸೆಯೇ ತಲೆಗೆ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಸೇದಿ ತರಬೇಕು. ದಾರಿಯಲ್ಲಿ ಯಾರೂ ಮುಟ್ಟಬಾರದು.

ಹಾಸನದಂಥ ಊರಿನಲ್ಲಿ ಈಗ ಬಾವಿ ಎಲ್ಲಿಂದ ತರುವುದು? ನಮ್ಮ ಪುಣ್ಯಕ್ಕೆ ಪಕ್ಕದ ಮನೆಯ ಹಿತ್ತಲಿನಲ್ಲಿ ಒಂದು ಇತ್ತು. ನಮ್ಮ ಬಡಾವಣೆ ಒಂದು ಕಾಲಕ್ಕೆ ಅವರ ಹೊಲ. ಹೊಲ ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ಕೊನೆಗೆ ಆ ಒಕ್ಕಲು ಮನೆತನದ ಪಾಲಿಗೆ ಒಂದು ಮನೆ, ಒಂದಿಷ್ಟು ಹಿತ್ತಲು, ಹಿತ್ತಲಿನಲ್ಲಿ ಆ ಹೊಲದ ಬಾವಿ ಉಳಿದಿತ್ತು. ಆ ಮನೆಯ ಅಜ್ಜಿ ಸಾಲಗಾಮೆ ಕಡೆಯಿಂದ ಮದುವೆಯಾಗಿ ಬಂದ ವರ್ಷವೇ ಅವಳ ಗಂಡ ತೋಡಿಸಿದ ಬಾವಿಯಂತೆ. ಅವರ ಮನೆಗೆ ಬೋರ್‌ವೆಲ್ ಬಂದ ಮೇಲೆ ಆ ಬಾವಿಗೆ ಕೆಲಸವಿರಲಿಲ್ಲ. ವರ್ಷಕ್ಕೊಮ್ಮೆ ನಾನು ಹಿಂದಿನ ಓಣಿಯಿಂದ ಹೋಗುತ್ತಿದ್ದೆ, ಅಷ್ಟೇ; ಉಳಿದ ದಿನ ನಮ್ಮ ಮನೆಯಿಂದ ಆ ಹಿತ್ತಲು ಕಾಣುತ್ತಲೂ ಇರಲಿಲ್ಲ.

ಹೋದಾಗೆಲ್ಲ ಅಜ್ಜಿ ಮುಂಚಿನ ದಿನವೇ ಬಾವಿಕಟ್ಟೆ ತೊಳೆಸಿ, ರಾಟೆಗೆ ಎಣ್ಣೆ ಬಿಟ್ಟು, ತಾನು ಮಾತ್ರ ದೂರದಲ್ಲಿ ನುಗ್ಗೆ ಮರದ ಬುಡದಲ್ಲಿ ನಿಂತಿರುತ್ತಿದ್ದಳು. ‘ಹುಷಾರು ಕಣವ್ವ, ಪಾಚಿ ಅದೆ’ ಎಂದು ಅಲ್ಲಿಂದಲೇ ಹೇಳುವಳು. ಹಗ್ಗ, ಬಿಂದಿಗೆ ಎರಡೂ ನಮ್ಮವೇ. ಅವಳ ಬಾವಿಯಿಂದ ನಾನು ನೀರು ಸೇದಿಕೊಂಡು ಅವಳನ್ನು ಮುಟ್ಟಿಸಿಕೊಳ್ಳದೆ ಸುತ್ತು ಬಳಸಿ ಬರುತ್ತಿದ್ದೆ. ಚಳಿಗೆ ಹಲ್ಲು ಕಟಕಟ ಅನ್ನುವ ಹೊತ್ತಿನಲ್ಲಿ ಇದೆಂಥ ಶಿಕ್ಷೆ ಎಂದು ಪ್ರತಿವರ್ಷ ಮನಸ್ಸಿನಲ್ಲೇ ಗೊಣಗಿಕೊಂಡಿದ್ದೇನೆ. ಅಜ್ಜಿಯನ್ನು ದೂರ ನಿಲ್ಲಿಸುವುದರ ಬಗ್ಗೆ ಮಾತ್ರ ಗೊಣಗಿದ ನೆನಪಿಲ್ಲ.

ಇರಲಿ, ಬಚ್ಚಲಿಗೆ ಬರುತ್ತೇನೆ. ತಿಥಿಯ ಅಡುಗೆಯ ಮೇಲೆ ಮಹಡಿಯ ಬಚ್ಚಲಿನ ಒಂದು ಹನಿ ಬಿದ್ದರೂ ಅತ್ತೆ ಆ ವರ್ಷವಿಡೀ ಊಟ ಬಿಟ್ಟಾರು. ಹಾಗಾಗಿ ಅದೇ ವಾರ ಒಬ್ಬ ಮೇಸ್ತ್ರಿಯನ್ನು ಹಿಡಿದೆ. ಬಂದವನು ಗೋಡೆಗೆ ಕಿವಿಯಿಟ್ಟ, ನೆಲವನ್ನು ಕಾಲಿನಿಂದ ತಟ್ಟಿದ, ಒಂದು ಲೋಟ ಕಾಫಿ ಕುಡಿದ.

‘ಒಳ್ಗೇ ಕೂತದೆ ಮೇಡಮ್ಮೋರೆ. ಒಡೀದೆ ಗೊತ್ತಾಗಕ್ಕಿಲ್ಲ.’

‘ಎಷ್ಟು ಒಡೀಬೇಕಪ್ಪ?’

‘ಒಂಚೂರು.’

ಅವನ ಒಂಚೂರು ಎಂದರೇನು ಎಂಬುದು ಸಂಜೆ ಕಾಲೇಜಿನಿಂದ ಬಂದು ಮಹಡಿ ಹತ್ತಿದಾಗ ಗೊತ್ತಾಯಿತು. ಬಚ್ಚಲೇ ಇರಲಿಲ್ಲ. ನೆಲ ಪೂರ್ತಿ ಕಿತ್ತಿದೆ, ಕಮೋಡು ಅಂಗಾತ ಬಿದ್ದಿದೆ, ಗೋಡೆಯ ಅರ್ಧದಷ್ಟು ಟೈಲ್ಸ್ ಚೂರುಚೂರಾಗಿದೆ. ಅವು ಮನೆ ಕಟ್ಟಿಸುವಾಗ ನನ್ನ ಗಂಡ ಆಸೆಪಟ್ಟು ಆರಿಸಿದ ನೀಲಿ ಟೈಲ್ಸು. ಒಂದೊಂದರ ಮೇಲೂ ಒಂದು ಕಿತ್ತಲೆ ಬಣ್ಣದ ಮೀನು. ‘ಬ್ರಾಹ್ಮಣರ ಮನೆ ಬಚ್ಚಲಲ್ಲಿ ಮೀನೇನೋ!’ ಎಂದು ಅತ್ತೆ ಆಗ ರಂಪ ಮಾಡಿದ್ದರು. ಗೃಹಪ್ರವೇಶದ ದಿನ ಮನೆ ನೋಡಲು ಬಂದ ಪಕ್ಕದ ಮನೆಯ ಅಜ್ಜಿ ಆ ಮೀನುಗಳನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಕಡೆಯ ಮೇಸ್ತ್ರಿಗಳ ಪದ್ಧತಿಯೇ ಅದು. ಅಡ್ವಾನ್ಸ್ ಈಸಿಕೊಂಡ ದಿನವೇ ಬಂದು ಒಡೆಯಬಹುದಾದದ್ದನ್ನೆಲ್ಲ ಒಡೆದುಬಿಡುತ್ತಾರೆ. ಒಡೆದ ಮನೆಗೆ ಬೇರೆ ಮೇಸ್ತ್ರಿ ಕಾಲಿಡುವುದಿಲ್ಲ, ಅದು ಅವರೊಳಗಿನ ಮರ್ಯಾದೆ. ಅಲ್ಲಿಗೆ ನಾವು ಬೋನಿಗೆ ಬಿದ್ದಂತೆ. ಆಮೇಲೆ ಅವರು ಇನ್ನೊಂದು ಮನೆ ಒಡೆಯಲು ಹೋಗುತ್ತಾರೆ. ನಮ್ಮವನು ಹೋದದ್ದು ಶ್ರವಣಬೆಳಗೊಳಕ್ಕೆ.

‘ಒಂದು ಲಾಡ್ಜಿನ ಕೆಲ್ಸ ಮೇಡಂ. ಮುಗುಸ್ಕಂಡು ಬಂದ್ಬುಡ್ತೀನಿ.’

‘ನಾವು ಸ್ನಾನ ಎಲ್ಲಿ ಮಾಡೋದಪ್ಪ?’

‘ಕೆಳ್ಗಡೆ ಒಂದದಲ್ಲ?’

ಕೆಳಗಡೆ ಇರುವುದು ಅತ್ತೆಯ ಬಚ್ಚಲು. ಅಲ್ಲಿ ಸೊಸೆ, ಮಗ ಇಬ್ಬರೂ ಬಸ್ಸಿಗೆ ಮೊದಲು ಸ್ನಾನ ಮುಗಿಸಿ, ಅವರ ಮಡಿ ಸೀರೆ ಒಣಗಿಸಿದ ಕೋಲಿಗೆ ತಲೆ ತಾಗಿಸದೆ ಹೊರಗೆ ಬರುವುದೆಂದರೆ ಸರ್ಕಸ್ಸೇ ಸರಿ. ಒಂದು ದಿನ ತಾಗಿಸಿಯೇಬಿಟ್ಟೆ. ಅತ್ತೆ ಸೀರೆಯನ್ನು ಮತ್ತೆ ನೆನೆಹಾಕಿದರು. ಅವರು ಬೈದಿದ್ದರೇ ಚೆನ್ನಾಗಿತ್ತು.

ಇದೆಲ್ಲ ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ಗೇಟಿನ ಮುಂದಿನ ಗುಡ್ಡೆ. ಒಡೆದ ಗಾರೆ, ಇಟ್ಟಿಗೆ, ಟೈಲ್ಸ್ ಎಲ್ಲ ಸಿಮೆಂಟು ಚೀಲಗಳಲ್ಲಿ ತುಂಬಿ ರಸ್ತೆಗೆ ತಂದಿಟ್ಟು ಅವನು ಮಾಯವಾಗಿದ್ದ. ಕಸದ ಗಾಡಿಯವರು ಅದನ್ನು ಮುಟ್ಟುವುದಿಲ್ಲ. ಎದುರು ಮನೆಯವರು ಕಾರು ತಿರುಗಿಸಲು ಆಗುತ್ತಿಲ್ಲವೆಂದು ದಿನಾ ನೆನಪಿಸುತ್ತಾರೆ. ಬೀದಿ ನಾಯಿಯೊಂದು ಅದರ ಮೇಲೆಯೇ ಸಂಸಾರ ಹೂಡಿತು. ಹಾಲಿನವನು ಗುಡ್ಡೆ ದಾಟಲಾರದೆ ಪ್ಯಾಕೆಟ್ಟನ್ನು ಆಚೆಯಿಂದಲೇ ಎಸೆಯತೊಡಗಿದ, ಒಂದು ದಿನ ಅದು ಒಡೆದು ಮೆಟ್ಟಿಲೆಲ್ಲ ಹಾಲಾಯಿತು. ಆವತ್ತು ನನ್ನ ತಾಳ್ಮೆಯೂ ಒಡೆಯಿತು. ಸ್ಟಾಫ್ ರೂಮಿನಿಂದಲೇ ಫೋನು ಮಾಡಿದೆ. ಸುತ್ತ ಕೂತವರೆಲ್ಲ ಪೇಪರು ತಿದ್ದುವುದು ಬಿಟ್ಟು ನನ್ನ ಕಡೆ ತಿರುಗಿದರು.

‘ನೋಡಪ್ಪ, ಎಲ್ಲಿ ಹಾಕ್ತೀಯೋ ನನಗೆ ಬೇಡ. ಯಾರ ಗುಂಡಿಗಾದರೂ ಸುರಿ, ಯಾವ ಹಳ್ಳಕ್ಕಾದರೂ ಸುರಿ. ನಾನು ಸಂಜೆ ಬರೋಷ್ಟರಲ್ಲಿ ಅದು ನನ್ನ ಕಣ್ಣಿಗೆ ಬೀಳಬಾರದು, ಅಷ್ಟೇ.’

‘ಆಯ್ತು ಬುಡಿ ಮೇಡಂ. ಒಂದು ಜಾಗ ಅದೆ.’

ಸಂಜೆ ಬಂದರೆ ಗೇಟಿನ ಮುಂದೆ ಬಟಾಬಯಲು. ಗುಡಿಸಿ ನೀರು ಕೂಡ ಚಿಮುಕಿಸಿದ್ದರು. ಕಣ್ಣನ್ನೇ ನಂಬಲಾಗಲಿಲ್ಲ. ಆ ಮನುಷ್ಯ ಹೇಳಿದ ಹೊತ್ತಿಗೆ ಮಾಡಿದ ಕೆಲಸ ಅದೊಂದೇ. ಮಾರನೆಯ ದಿನದಿಂದ ಕೆಲಸಕ್ಕೂ ಬಂದ. ಉಳಿದ ಟೈಲ್ಸು, ಬಿರುಕು ಬಿಟ್ಟ ವಾಷ್ ಬೇಸಿನ್ನು ಕೂಡ ಕಿತ್ತು, ಹಳೆಯ ಕಮೋಡಿನ ಸಮೇತ ಅದೇ ಜಾಗಕ್ಕೆ ಸಾಗಿಸಿದ. ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಊರಿನ ಕಲ್ಲುಮಣ್ಣು ಎಲ್ಲಿಗೆ ಹೋಗುತ್ತದೆಂದು ಯಾರು ತಾನೆ ಕೇಳುತ್ತಾರೆ? ಮನೆ ಮುಂದಿನಿಂದ ಹೋದರೆ ಸಾಕು.

ಕೊನೆಗೆ ಸೋರಿಕೆಯ ಮೂಲವೂ ಸಿಕ್ಕಿತು. ಗೋಡೆಯೊಳಗೆ ಪೈಪು ತಿರುಗುವ ಕಡೆ ಹೆಬ್ಬೆರಳು ಗಾತ್ರದ ಒಂದು ಪ್ಲಾಸ್ಟಿಕ್ ತುಂಡು ಸೀಳಿತ್ತು. ಅದನ್ನು ಅಂಗೈ ಮೇಲಿಟ್ಟು ತೋರಿಸಿ, ‘ಇಷ್ಟೇ ಮೇಡಂ’ ಎಂದ. ಇಷ್ಟಕ್ಕೇ ಒಂದು ಬಚ್ಚಲು ಹೋಯಿತು, ನನ್ನ ಚೀಟಿ ದುಡ್ಡೂ ಹೋಯಿತು. ಆದರೂ ಅಡುಗೆಮನೆ ಒಣಗಿತು, ಸೂರಿಗೆ ಬಣ್ಣ ಬಿತ್ತು, ತಿಥಿಗೆ ಮುಂಚೆ ಎಲ್ಲ ಮುಗಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮೇಸ್ತ್ರಿಗೆ ಬೆಳ್ಳಿ ಲೋಟ ಒಂದು ಬಿಟ್ಟು ಮನೆಯಲ್ಲಿರುವ ಒಳ್ಳೆಯ ಲೋಟದಲ್ಲೇ ಕಾಫಿ ಕೊಟ್ಟೆ.

ಆ ದಿನಗಳಲ್ಲಿ ಒಂದು ಸಂಗತಿ ಗಮನಕ್ಕೆ ಬಂದಿತ್ತು. ನಾನು ಬಸ್ಸಿಗೆ ಹೊರಡುವಾಗ ಜಗಲಿಯ ಮೇಲೆ ಕೂತು, ‘ಒಂಟ್ಯಾ ಮಗಾ’ ಎಂದು ಕೇಳುತ್ತಿದ್ದ ಪಕ್ಕದ ಮನೆಯ ಅಜ್ಜಿ ಈಗೀಗ ಕೇಳುತ್ತಿರಲಿಲ್ಲ. ನಾನು ಕಂಡರೆ ಸೊಪ್ಪು ಬಿಡಿಸುವ ಮೊರದ ಕಡೆಗೆ ಬಗ್ಗುವಳು. ಒಡೆಯುವ ಸದ್ದಿಗೆ ಬೇಜಾರಾಗಿದ್ದಾಳೆ, ತಿಥಿ ಕಳೆದ ಮೇಲೆ ಮಾತಾಡಿಸೋಣ ಎಂದುಕೊಂಡೆ.

ತಿಥಿಯ ದಿನ ಬೆಳಕು ಹರಿಯುವ ಹೊತ್ತಿಗೆ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ತಾಮ್ರದ ಬಿಂದಿಗೆ, ಹಗ್ಗ ಹಿಡಿದು ಅವರ ಹಿತ್ತಲ ಬಾಗಿಲು ತಳ್ಳಿದೆ. ಬಾವಿಕಟ್ಟೆ ಕಾಣಲಿಲ್ಲ. ರಾಟೆಯ ಕಂಬಗಳೂ ಇಲ್ಲ. ದಾರಿ ತಪ್ಪಿ ಇನ್ಯಾರದೋ ಹಿತ್ತಲಿಗೆ ಬಂದೆನೇನೋ ಎಂದು ಒಂದು ಗಳಿಗೆ ನುಗ್ಗೆ ಮರವನ್ನು ಹುಡುಕಿದೆ. ಮರ ಅಲ್ಲೇ ಇತ್ತು. ಅದರ ಪಕ್ಕದಲ್ಲಿ ಬಾವಿ ಇದ್ದ ಕಡೆ ಮಣ್ಣು, ಇಟ್ಟಿಗೆ, ಗಾರೆಯ ದಿಬ್ಬ. ದಿಬ್ಬದ ಮೇಲೆ ನಮ್ಮ ವಾಷ್ ಬೇಸಿನ್ನು ಬೋರಲು ಬಿದ್ದಿತ್ತು. ಸುತ್ತ ನೀಲಿ ಚೂರುಗಳು. ಒಂದರ ಮೇಲೆ ಮೀನು ಇಡಿಯಾಗಿ ಉಳಿದಿತ್ತು.

ಕೈಯಿಂದ ಬಿಂದಿಗೆ ಜಾರಿ ಕಲ್ಲಿಗೆ ಬಡಿದು ಊರಿಗೆಲ್ಲ ಕೇಳುವಂತೆ ಸದ್ದಾಯಿತು. ಸದ್ದಿಗೆ ಅಜ್ಜಿಯ ಮಗ ಹಲ್ಲುಜ್ಜುತ್ತಾ ಹೊರಗೆ ಬಂದ. ನನ್ನ ಒದ್ದೆ ಸೀರೆ, ಹಗ್ಗ ನೋಡಿ ಅವನಿಗೂ ಗಾಬರಿಯಾಯಿತು. ಬಾಯಿ ಮುಕ್ಕಳಿಸಿ ಉಗಿಯುವುದನ್ನೂ ಮರೆತು ನಿಂತ.

‘ಇದೇನಪ್ಪ ಇದು? ಬಾವಿ?’ ಎಂದೆ.

‘ಅಲ್ಲಾ ಮೇಡಂ, ನೀವೇ ಕಳ್ಸಿದ್ರಿ ಅಂದ್ನಲ್ಲ ಮೇಸ್ತ್ರಿ?’

‘ನಾನಾ?’

‘ಮೇಡಮ್ಮೋರೇ ಹೇಳವ್ರೆ, ಯಾವ್ ಗುಂಡಿಗಾದ್ರೂ ಸುರಿ ಅಂತ, ಅಂದ. ಕಾರು ನಿಲ್ಸಕ್ಕೆ ಜಾಗಿಲ್ಲ, ಮಣ್ಣು ಸಿಕ್ಕುದ್ರೆ ಬಾವಿ ಮುಚ್ಚಬೇಕು ಅಂತ ನಾನೇ ಎಲ್ಲಾ ಮೇಸ್ತ್ರಿಗೋಳ್ಗೂ ಹೇಳಿದ್ದೆ. ಮೊದ್ಲ ಲೋಡೇ ನಿಮ್ದು ಬಂತು.’

‘ನಿಮ್ಮ ತಾಯಿ ಒಪ್ಪಿದ್ರಾ?’

ಅವನು ತಲೆ ಕೆರೆದುಕೊಂಡ. ‘ಅವ್ವ ಎಲ್ಲೊಪ್ತಿದ್ಲು ಮೇಡಂ? ನಾನು ಕೇಳ್ದಾಗೆಲ್ಲ ಒಂದೇ ಮಾತು. ಪಕ್ಕದ್ಮನೆ ತಿಥಿಗೆ ನೀರು ಬೇಕು ಕಣ್ಲಾ, ಅವ್ರೆಲ್ಲಿಗೋದಾರು, ನಾನಿರೋಗಂಟ ಮುಟ್ಬ್ಯಾಡ, ಅನ್ನೋಳು. ನನ್ನೆಂಡ್ತಿ ಕುಟ್ಟೆಲ್ಲಾ ಜಗಳ ಆಡ್ಕಂಡ್ಳು. ಆವತ್ತು ಟ್ರ್ಯಾಕ್ಟ್ರಲ್ಲಿ ಆ ಮೀನಿನ ಟೈಲ್ಸ್ ನೋಡ್ಬುಟ್ಟು ಸುಮ್ಕಾಗೋದ್ಲು. ಅವ್ರಿಗೇ ಬ್ಯಾಡ್ದಿದ್ ಮೇಲೆ ನಂದೇನು, ಮುಚ್ಕೋ ಓಗು, ಅಂದ್ಲು.’

ವರ್ಷಗಳಿಂದ ಆ ಮುದುಕಿ ನಮ್ಮ ಹೆಸರು ಹೇಳಿಕೊಂಡು ತನ್ನ ಮಗ ಸೊಸೆಯೊಡನೆ ಗುದ್ದಾಡಿ ಆ ಬಾವಿಯನ್ನು ಉಳಿಸಿಕೊಂಡಿದ್ದಳು. ನನಗೆ ಗೊತ್ತೇ ಇರಲಿಲ್ಲ. ನಾನು ನಮ್ಮ ಮನೆಯ ಬಚ್ಚಲಿನ ಗಾರೆಯನ್ನು, ಕಮೋಡಿನ ಸಮೇತ, ಅದರೊಳಕ್ಕೆ ಸುರಿಸಿದ್ದೆ. ಅದೂ ಸ್ಟಾಫ್ ರೂಮಿನಲ್ಲಿ ಹತ್ತು ಜನ ಕೇಳುವಂತೆ ಹೇಳಿ! ಅಜ್ಜಿ ಎಲ್ಲಿ ಎಂದೆ. ಮಲಗವಳೆ ಎಂದ. ಅಷ್ಟು ಹೊತ್ತಿಗೆ ಅವಳು ಮಲಗಿರುವವಳೇ ಅಲ್ಲ.

ಖಾಲಿ ಬಿಂದಿಗೆ ಹಿಡಿದು ಮನೆಗೆ ಬಂದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿಯ ಮೇಲೆ ಕಾಯುತ್ತಿದ್ದರು. ಹೊಳೆನರಸೀಪುರದಿಂದ ಮೊದಲ ಬಸ್ಸಿಗೆ ಬಂದ ಪುರೋಹಿತರು ನಡುಮನೆಯಲ್ಲಿ ದರ್ಭೆ ಬಿಡಿಸುತ್ತಾ ಕೂತಿದ್ದರು. ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅತ್ತೆ ಕೂಗಾಡುತ್ತಾರೆ, ತಿಥಿಯೇ ಬೇಡವೆನ್ನುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಖವನ್ನೊಮ್ಮೆ, ಬಿಂದಿಗೆಯನ್ನೊಮ್ಮೆ ನೋಡಿದರು. ಆಮೇಲೆ ಪುರೋಹಿತರ ಕಡೆ ತಿರುಗಿದರು.

‘ಏನು ಮಾಡೋದು ಹೇಳಿ?’

ಪುರೋಹಿತರು ತಲೆ ಕೂಡ ಎತ್ತಲಿಲ್ಲ. ‘ಈಗ ಯಾರ ಮನೇಲಿ ಬಾವಿ ಇದೆಯಮ್ಮ? ನಲ್ಲಿ ನೀರಿಗೇ ಒಂದು ದರ್ಭೆ ಹಾಕಿ ಮಂತ್ರ ಹೇಳ್ತೀನಿ. ಆಯ್ತು.’

‘ಆಗುತ್ತಾ?’

‘ಎಲ್ಲರ ಮನೇಲೂ ಹಾಗೇ ಆಗ್ತಿದೆ.’

‘ಹಾಗಾದರೆ ಬಿಂದಿಗೆ ತೊಳೆದು ನಲ್ಲಿ ತಿರುಗಿಸೇ, ಹೊತ್ತಾಯ್ತು’ ಎಂದರು ಅತ್ತೆ.

ಅಷ್ಟೇ. ನಾನು ಮದುವೆಯಾಗಿ ಬಂದಾಗಿನಿಂದ ಬೆಟ್ಟದಂತೆ ನಿಂತಿದ್ದ ಕಟ್ಟಳೆ ಒಂದು ಗರಿಕೆಯಷ್ಟು ದರ್ಭೆಗೆ ಸರಿದು ಹೋಯಿತು. ಬಾವಿ ಮುಚ್ಚಿದ್ದಕ್ಕಿಂತ ಅದು ಇಷ್ಟು ಸುಲಭವಾಗಿ ಬೇಡವಾದದ್ದು ನನ್ನನ್ನು ಹೆಚ್ಚು ದಿಗಿಲುಗೊಳಿಸಿತು. ನಲ್ಲಿಯ ನೀರಿನಲ್ಲೇ ಅಕ್ಕಿ ತೊಳೆದೆ, ಬೇಳೆಗಿಟ್ಟೆ, ವಡೆಗೆ ರುಬ್ಬಿದೆ. ಎಲ್ಲ ಎಂದಿನಂತೆಯೇ ಬೆಂದವು. ನನ್ನ ಗಂಡ ಪಿಂಡ ಇಟ್ಟರು. ಕಾಗೆಯೂ ಎಂದಿನಂತೆ ಬಂದು ತಿಂದು ಹೋಯಿತು. ಊಟಕ್ಕೆ ಕೂತವರು ಹುಳಿ ಚೆನ್ನಾಗಿದೆ ಎಂದು ಇನ್ನೊಂದು ಸಲ ಹಾಕಿಸಿಕೊಂಡರು.

ಪ್ರತಿವರ್ಷ ತಿಥಿಯ ಸಂಜೆ ಅಜ್ಜಿಗೆ ಎಲೆ ಅಡಿಕೆ, ಬಾಳೆಹಣ್ಣು ಕೊಟ್ಟು ಬರುವುದು ನಮ್ಮ ರೂಢಿ. ಈ ಸಲ ಹೋಗಲು ಕಾಲೇ ಬರಲಿಲ್ಲ. ಆದರೂ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ನಾನು ಯಾವತ್ತಿನಂತೆ ತಟ್ಟೆಯನ್ನು ಅವಳ ಪಕ್ಕದಲ್ಲಿಟ್ಟು ದೂರ ನಿಲ್ಲದೆ ಅಲ್ಲೇ ಕೂತೆ.

‘ಅಜ್ಜಿ, ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ’ ಎಂದೆ. ಅಳು ಬಂತು.

‘ನಂಗೂ ಅಂಗೇ ಅನ್ನುಸ್ತು ಕಣವ್ವ, ಆಮೇಕೆ’ ಎಂದಳು ಅಜ್ಜಿ. ಸಿಟ್ಟಿರಲಿಲ್ಲ. ‘ತಿಳೀದೆ ಕಳ್ಸವ್ರೇನೋ ಅಂತ. ಆದ್ರೂ ಟ್ರ್ಯಾಕ್ಟ್ರು ಬಂದು ನಿಂತ್ಬುಟ್ಟಿತ್ತಲ್ಲ. ಒಸಿ ತಡೀರ್ಲಾ ಅಂದು ನಾನೇ ಬಿಂದ್ಗೆ ಬುಟ್ಟೆ. ಕಡೇದಾಗೊಂದ್ ಬಿಂದ್ಗೆ ಸೇದಿ, ಬಟ್ಟೆ ಕಟ್ಟಿ ಮಡಗನಾ, ನಿಮ್ಮನೆ ತಿಥಿಗಾಯ್ತದೆ ಅಂತ. ಅರ್ಧ ಮ್ಯಾಕ್ ಬಂದಿತ್ತು. ಆಮೇಲೆ ಗ್ಯಾನ ಬಂತು, ನಾನ್ ಸೇದುದ್ ನೀರು ನಿಮ್ಗಾಗಕ್ಕಿಲ್ವಲ್ಲ ಅಂತ. ಅಂಗೇ ವಾಪಸ್ ಬುಟ್ಬುಟ್ಟೆ.’

ನಾನು ಅವಳ ಕೈಗಳನ್ನೇ ನೋಡಿದೆ. ಹಗ್ಗ ಎಳೆದೂ ಎಳೆದೂ ಗಂಟುಗಟ್ಟಿದ ಕೈ. ಅಷ್ಟರಲ್ಲಿ ಅವಳೇ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು.

‘ಇವತ್ತು ನೀರ್ಗೇನ್ ಮಾಡುದ್ರವ್ವ?’

ನಮ್ಮ ಅಡುಗೆಮನೆಯ ನಲ್ಲಿ ಕಣ್ಣಮುಂದೆ ಬಂತು.

‘ಪುರೋಹಿತರು ಹೊಳೆನರಸೀಪುರದಿಂದ ಹೊಳೆ ನೀರು ತಂದಿದ್ರು, ಅಜ್ಜಿ’ ಎಂದೆ.

ಅವಳು ನಿಟ್ಟುಸಿರು ಬಿಟ್ಟು ತಟ್ಟೆಯನ್ನು ತೊಡೆಯ ಮೇಲೆಳೆದುಕೊಂಡಳು. ‘ಒಳ್ಳೇದಾಯ್ತು ಬುಡು. ಎಲ್ಲಿ ನಲ್ಲಿ ನೀರಲ್ಲಿ ಮಾಡ್ಬುಟ್ರೋ ಅಂತ ಬೆಳುಗ್ಗಿಂದ ಒಂದ್ ತುತ್ತು ಒಳೀಕೋಗ್ನಿಲ್ಲ’ ಎಂದು ಒಂದು ಬಾಳೆಹಣ್ಣು ಸುಲಿದಳು.